ಡಾಂಬರಿನ ನಡುವೆ ಮಣ್ಣಿನ ದಾರಿಯೂ ಇರುವ ಸೈಕಲ್ ರೇಸಿಗೆ ಯಾವ ಟೈರ್?

ನೂರು ಕಿಲೋಮೀಟರಿನ ರಸ್ತೆ ರೇಸ್, ಅದರಲ್ಲಿ ಹದಿನೈದೋ ಇಪ್ಪತ್ತೋ ಕಿಲೋಮೀಟರ್ ಮಣ್ಣಿನ ದಾರಿ. ಇಂಥ ರೇಸಿಗೆ ಹೆಸರು ಕೊಟ್ಟವರು ಮೊದಲು ಕೇಳುವುದು ಟೈರಿನ ವಿಚಾರವನ್ನೇ. ಎಂಬತ್ತು ಪಾಲು ಡಾಂಬರು ಇರುವಾಗ ಡಾಂಬರಿನ ಟೈರೇ ಸರಿಯಲ್ಲವೇ ಎಂಬ ಲೆಕ್ಕ ಹೆಚ್ಚಿನವರ ಮನಸ್ಸಿನಲ್ಲಿರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ದಾರಿಗಳಲ್ಲಿ ಹಲವು ವರ್ಷ ಸೈಕಲ್ ತುಳಿದ ಮೇಲೆ ನನ್ನ ಅಭಿಪ್ರಾಯ ಬೇರೆಯಾಗಿದೆ. ಮಣ್ಣಿನ ದಾರಿ ಎಷ್ಟು ಉದ್ದವಿದೆ ಎಂದು ನೋಡುವ ಮೊದಲು, ಅದರಲ್ಲಿ ಅತಿ ಕೆಟ್ಟದಾಗಿರುವ ಒಂದು ಫರ್ಲಾಂಗು ಹೇಗಿದೆ ಎಂದು ನೋಡಬೇಕು. ಟೈರನ್ನು ಆ ಫರ್ಲಾಂಗಿಗೆ ತಕ್ಕಂತೆ ಆರಿಸಬೇಕು. ಅಗಲದ ಟೈರು ಹಾಕಿ ಡಾಂಬರಿನ ಮೇಲೆ ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದೆರಡು ನಿಮಿಷ. ಸಣ್ಣ ಟೈರು ಹಾಕಿ ಆ ಒಂದು ಫರ್ಲಾಂಗಿನಲ್ಲಿ ಪಂಚರ್ ಆದರೆ ಅಂದಿನ ರೇಸೇ ಕೈಬಿಟ್ಟುಹೋಗುತ್ತದೆ.

ಈ ಬಗೆಯ ರೇಸ್ ಹೊಸದೇನಲ್ಲ. ಫ್ರಾನ್ಸಿನ ಪ್ಯಾರಿಸ್–ರೂಬೆ 1896ರಲ್ಲಿ ಶುರುವಾಗಿ ಇಂದಿಗೂ ಕಲ್ಲುಹಾಸಿನ ಹಳೆಯ ದಾರಿಗಳ ಮೇಲೆ ನಡೆಯುತ್ತಿದೆ. ಇಟಲಿಯ ಟಸ್ಕನಿ ಪ್ರಾಂತ್ಯದ ಬಿಳಿ ಮಣ್ಣಿನ ರಸ್ತೆಗಳಲ್ಲಿ ಸಾಗಿ ಸಿಯೆನಾ ಊರಿನಲ್ಲಿ ಮುಗಿಯುವ ಸ್ಟ್ರಾಡೆ ಬಿಯಾಂಕೆ 2007ರಲ್ಲಿ ಆರಂಭವಾಯಿತು. ಅಲ್ಲಿನ ಸವಾರರು ಯಾವ ಟೈರು ಹಾಕಿದ್ದರೆಂದು ನೋಡಿ ಅದನ್ನೇ ತರಿಸಿಕೊಳ್ಳುವವರು ನಮ್ಮಲ್ಲಿದ್ದಾರೆ. ಅವರು ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ಸವಾರರ ಹಿಂದೆಯೇ ಬದಲಿ ಚಕ್ರ ಹೊತ್ತ ಕಾರು ಬರುತ್ತದೆ. ಹವ್ಯಾಸಿ ಸವಾರನಿಗೆ ತನ್ನ ಜೇಬಿನಲ್ಲಿರುವ ಟ್ಯೂಬು, ತನ್ನ ಕೈಯಲ್ಲಿರುವ ಪಂಪು ಇಷ್ಟೇ ಆಸರೆ. ಹಾಗಾಗಿ ಅವರಿಗಿಂತ ಒಂದು ಮೆಟ್ಟಿಲು ಗಟ್ಟಿಯಾದ ಟೈರನ್ನು ನಾವು ಆರಿಸಿಕೊಳ್ಳುವುದು ನ್ಯಾಯ.

ದಾರಿ ಎಂಥದು

ಮಣ್ಣಿನ ದಾರಿ ಎಂದು ಒಂದೇ ಮಾತಿನಲ್ಲಿ ಹೇಳಿದರೂ ನಮ್ಮ ಕಡೆ ಅದಕ್ಕೆ ನಾಲ್ಕೈದು ರೂಪಗಳಿವೆ. ಕೆಮ್ಮಣ್ಣು ಗಟ್ಟಿಯಾಗಿ ಕೂತ ಬಂಡಿ ಜಾಡು ಒಣಗಿರುವ ದಿನಗಳಲ್ಲಿ ಹೆಚ್ಚುಕಡಿಮೆ ಡಾಂಬರಿನಂತೆಯೇ ಓಡಿಸಿಕೊಳ್ಳುತ್ತದೆ, ಅದರ ಮೇಲೆ ನುಣುಪಾದ ರಸ್ತೆ ಟೈರೇ ಸಾಕು. ಅದೇ ಗಟ್ಟಿ ನೆಲದ ಮೇಲೆ ಗರಸು ಹರಡಿದ್ದರೆ ಮಾತೇ ಬೇರೆ. ಸಣ್ಣ ಹರಳುಗಳು ಟೈರಿನ ಕೆಳಗೆ ಕಾಳಿನಂತೆ ಉರುಳುತ್ತವೆ, ತಿರುವಿನಲ್ಲಿ ಮುಂದಿನ ಚಕ್ರ ಹೇಳದೆ ಕೇಳದೆ ಜಾರುತ್ತದೆ. ಶಿಡ್ಲಘಟ್ಟದ ಸುತ್ತ ಹಿಪ್ಪುನೇರಳೆ ತೋಟಗಳ ನಡುವೆ ಹಾಯುವ ದಾರಿ ಮೆತ್ತಗಿರುತ್ತದೆ, ಆದರೆ ಸೊಪ್ಪು ಕೊಯ್ದ ಮೇಲೆ ದಾರಿಗೆ ಬಿದ್ದ, ಓರೆಯಾಗಿ ಕತ್ತರಿಸಿದ ಕಡ್ಡಿಗಳು ಚೂಪಾಗಿರುತ್ತವೆ. ಎಲ್ಲಕ್ಕಿಂತ ಅಪಾಯ ಕಲ್ಲುಕ್ವಾರಿಗೆ ಟಿಪ್ಪರ್‌ಗಳು ಓಡಾಡುವ ದಾರಿ. ಅಲ್ಲಿ ಚೆಲ್ಲಿರುವುದು ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲಲ್ಲ, ಈಗಷ್ಟೇ ಒಡೆದ ಗ್ರಾನೈಟ್ ಜಲ್ಲಿ. ಅದರ ಅಂಚು ಟೈರಿನ ಪಕ್ಕೆಯನ್ನು ಬ್ಲೇಡಿನಂತೆ ಕೊಯ್ಯುತ್ತದೆ.

ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ. ಹಳ್ಳಿಗಳ ಹತ್ತಿರ ರಸ್ತೆಯ ಮೇಲೆಯೇ ರಾಗಿ, ಹುರುಳಿಯ ಒಕ್ಕಣೆ ನಡೆದಿರುತ್ತದೆ. ಒಣಹುಲ್ಲಿನ ಮೇಲೆ ಹಿಡಿತ ಕೊಡುವ ಟೈರನ್ನು ಯಾರೂ ಮಾಡಿಲ್ಲ. ಅದು ಒಬ್ಬ ರೈತನ ವರ್ಷದ ಬೆಳೆ; ವೇಗ ತಗ್ಗಿಸಿ, ಬ್ರೇಕನ್ನು ಹುಲ್ಲಿಗಿಂತ ಮೊದಲೇ ಹಿಡಿದು, ಅಂಚಿನಲ್ಲಿ ನೇರವಾಗಿ ಹಾದುಹೋಗಬೇಕು.

ಇನ್ನು ಮುಳ್ಳು. ಕೆರೆ ಏರಿಯ ಮೇಲೆ, ಒಣಗಿದ ಕೆರೆಯಂಗಳದ ಅಂಚಿನಲ್ಲಿ ಬಳ್ಳಾರಿ ಜಾಲಿ ಎಲ್ಲೆಲ್ಲೂ ಬೆಳೆದಿದೆ. ಅದರ ಮುಳ್ಳು ಉದ್ದ, ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ನೆಗ್ಗಿಲು. ನೆಲಕ್ಕೆ ಹಬ್ಬಿ ಹಳದಿ ಹೂ ಬಿಡುವ ಈ ಗಿಡದ ಕಾಯಿ ಒಣಗಿದಾಗ ಐದು ಹೋಳಾಗಿ ಒಡೆಯುತ್ತದೆ, ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಒಂದು ಡಿಸೆಂಬರ್ ಬೆಳಗ್ಗೆ ಕೆರೆ ಏರಿಯೊಂದನ್ನು ದಾಟಿ ನಿಂತು ನೋಡಿದಾಗ ನನ್ನ ಹಿಂದಿನ ಟೈರಿಗೆ ಹನ್ನೊಂದು ಕಡೆ ನೆಗ್ಗಿಲು ಕಚ್ಚಿಕೊಂಡಿತ್ತು. ಅದು ಟ್ಯೂಬ್‌ಲೆಸ್ ಟೈರಾದ್ದರಿಂದ ಒಂದೊಂದೇ ಮುಳ್ಳು ಕಿತ್ತಂತೆ ತೂತು ಮುಚ್ಚಲೆಂದು ಒಳಗೆ ಹಾಕಿದ್ದ ಬಿಳಿ ಸೀಲೆಂಟ್ ದ್ರವ ಗುಳ್ಳೆ ಗುಳ್ಳೆಯಾಗಿ ಹೊರಬಂತು, ಚಕ್ರವನ್ನು ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಕಟ್ಟಿಕೊಂಡು ನಿಂತಿತು. ಜೊತೆಗಿದ್ದ ಗೆಳೆಯನದು ಟ್ಯೂಬಿನ ಟೈರು. ಅವನು ಟ್ಯೂಬು ಬದಲಾಯಿಸಿದ, ಎರಡು ಕಿಲೋಮೀಟರಿಗೆ ಅದೂ ಇಳಿಯಿತು, ಸೈಕಲ್ ತಳ್ಳಿಕೊಂಡು ಪಂಚರ್ ಅಂಗಡಿಗೆ ಹೋದೆವು. ಅಂಗಡಿಯ ಹಿರಿಯರು ಟೈರಿನ ಒಳಮೈಗೆ ಒಂದು ಹತ್ತಿಬಟ್ಟೆ ಒತ್ತಿ ಸುತ್ತಲೂ ಎಳೆದರು. ಮೂರು ಕಡೆ ಬಟ್ಟೆಯ ಎಳೆ ಸಿಕ್ಕಿಕೊಂಡಿತು. ಕೈಬೆರಳಿಗೆ ತಾಗದಷ್ಟು ಸಣ್ಣಗೆ ಮುರಿದಿದ್ದ ಮುಳ್ಳಿನ ಮೊನೆಗಳು ಅವು. “ಮುಳ್ಳು ತೆಗೀದೆ ಟ್ಯೂಬ್ ಹಾಕಿದ್ರೆ ಎಷ್ಟು ಟ್ಯೂಬ್ ಹಾಕಿದ್ರೂ ಹೋಗ್ತದೆ ಸಾರ್” ಎಂದರು. ಅಂದಿನಿಂದ ನನ್ನ ಜೇಬಿನಲ್ಲಿ ಒಂದು ತುಂಡು ಹಳೇ ಪಂಚೆಯ ಬಟ್ಟೆ ಇದ್ದೇ ಇರುತ್ತದೆ.

ಅಗಲ: 25, 28, 32, 35

ಅಗಲ ಆರಿಸುವ ಮೊದಲು ಸೈಕಲ್ಲಿನ ಚೌಕಟ್ಟಿನಲ್ಲಿ ಎಷ್ಟು ಜಾಗವಿದೆ ಎಂದು ಅಳೆಯಬೇಕು. ರಿಮ್ ಬ್ರೇಕಿನ ಹಳೆಯ ರಸ್ತೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 25, ಬಹಳವೆಂದರೆ 28 ಮಿಲಿಮೀಟರ್ ಹಿಡಿಸುತ್ತದೆ. ಡಿಸ್ಕ್ ಬ್ರೇಕಿನ ಈಚಿನ ಸೈಕಲ್ಲುಗಳಲ್ಲಿ 32 ಆರಾಮವಾಗಿ ಕೂರುತ್ತದೆ, ಕೆಲವದರಲ್ಲಿ 35 ಕೂಡ. ಟೈರಿಗೂ ಚೌಕಟ್ಟಿಗೂ ನಡುವೆ ಎರಡೂ ಪಕ್ಕ ಮತ್ತು ಮೇಲೆ ಕನಿಷ್ಠ 4 ಮಿಲಿಮೀಟರ್ ಬಿಡುವು ಉಳಿಯಬೇಕು. ಮಳೆ ಬಿದ್ದ ಕೆಮ್ಮಣ್ಣು ಅಂಟಿಕೊಂಡು ಆ ಸಂದಿನಲ್ಲಿ ತುಂಬಿದರೆ ಚಕ್ರ ತಿರುಗುವುದೇ ನಿಲ್ಲುತ್ತದೆ, ಗರಸಿನ ಹರಳು ಸಿಕ್ಕಿಕೊಂಡರೆ ಕಾರ್ಬನ್ ಚೌಕಟ್ಟಿನ ಬಣ್ಣದ ಜೊತೆಗೆ ನಾರೂ ಸವೆಯುತ್ತದೆ. ಟೈರಿನ ಮೇಲೆ ಅಚ್ಚಾದ ಅಂಕಿಯನ್ನು ಮಾತ್ರ ನಂಬಿ ಕೂರುವಂತಿಲ್ಲ. ಒಳ ಅಗಲ ಹೆಚ್ಚಿರುವ ಇಂದಿನ ರಿಮ್ಮಿನ ಮೇಲೆ 28ರ ಟೈರು 30ರಷ್ಟು ಹಿಗ್ಗುವುದುಂಟು. ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯುವುದು ಒಳ್ಳೆಯದು. ಹೈಬ್ರಿಡ್ ಸೈಕಲ್ ಇರುವವರು ಪಕ್ಕೆಯ ಮೇಲೆ 622 ಎಂಬ ಅಂಕಿ ಇದೆಯೇ ಎಂದು ನೋಡಲಿ. 700ಸಿ ಮತ್ತು 29 ಇಂಚಿನ ಚಕ್ರಗಳ ಅಳತೆ ಅದೇ. 27.5 ಇಂಚಿನದು 584, 26 ಇಂಚಿನದು 559. ಇವುಗಳಿಗೆ ಈ ಟೈರುಗಳು ಹೊಂದುವುದಿಲ್ಲ.

ಅಗಲದ ಟೈರು ನಿಧಾನ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ, ಅದನ್ನು ಲೆಕ್ಕ ಹಾಕಿಯೇ ನೋಡೋಣ. 32ರ ಟೈರು 25ರದ್ದಕ್ಕಿಂತ ಒಂದಕ್ಕೆ 80 ಗ್ರಾಂ ಭಾರವೆಂದಿಟ್ಟುಕೊಂಡರೆ ಎರಡಕ್ಕೆ 160 ಗ್ರಾಂ. 70 ಕಿಲೋ ಸವಾರ, 9 ಕಿಲೋ ಸೈಕಲ್ ಸೇರಿ 79 ಕಿಲೋ ಆಗುವುದರಿಂದ ಹೆಚ್ಚಿದ ಭಾರ ಶೇಕಡ 0.2. 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಬುಡದಿಂದ ಅರ್ಧ ಗಂಟೆಯಲ್ಲಿ ಹತ್ತುವವನಿಗೆ ಇದರಿಂದ ಆಗುವ ನಷ್ಟ ಸುಮಾರು ನಾಲ್ಕು ಸೆಕೆಂಡು. ಗಟ್ಟಿ ಕವಚದ ಟೈರು ಉರುಳುವಾಗ 5 ವ್ಯಾಟ್ ಹೆಚ್ಚು ತಿನ್ನುತ್ತದೆ ಎಂದೇ ಒಪ್ಪಿದರೂ, ಸಮತಟ್ಟಿನಲ್ಲಿ ವೇಗ ಹೆಚ್ಚಿದಷ್ಟೂ ಗಾಳಿಯ ತಡೆಯೇ ದೊಡ್ಡದಾಗುವುದರಿಂದ, 200 ವ್ಯಾಟ್ ತುಳಿಯುವವನ ವೇಗ ಕುಗ್ಗುವುದು ಶೇಕಡ ಒಂದರ ಆಸುಪಾಸು, ಎಂದರೆ ಮೂರು ಗಂಟೆಗೆ ಎರಡು ನಿಮಿಷದೊಳಗೆ. ಬೆವರಿದ ಕೈಯಲ್ಲಿ ಟ್ಯೂಬು ಬದಲಾಯಿಸಿ ಪಂಪು ಹೊಡೆಯಲು ಐದಾರು ನಿಮಿಷ ಬೇಕು. ಅಷ್ಟರಲ್ಲಿ ಗುಂಪು ಕಣ್ಮರೆಯಾಗಿರುತ್ತದೆ. ಉಳಿದ ದೂರವನ್ನು ಎದುರುಗಾಳಿಯಲ್ಲಿ ಒಬ್ಬನೇ ತುಳಿಯಬೇಕು, ಆ ನಷ್ಟ ಈ ಲೆಕ್ಕಕ್ಕೆ ಸೇರಿಯೇ ಇಲ್ಲ.

ಇನ್ನೊಂದು ಕಡೆ, ಒರಟು ನೆಲದಲ್ಲಿ ಅಗಲದ ಟೈರು ನಿಜಕ್ಕೂ ವೇಗ ಕೊಡುತ್ತದೆ. ಗಟ್ಟಿಯಾಗಿ ಗಾಳಿ ತುಂಬಿದ ಸಣ್ಣ ಟೈರು ಪ್ರತಿ ಕಲ್ಲಿಗೂ ಸವಾರನನ್ನೇ ಮೇಲಕ್ಕೆತ್ತುತ್ತದೆ. ಆ ಎತ್ತುವ ಶಕ್ತಿ ಬರುವುದು ಸವಾರನ ಕಾಲಿನಿಂದ, ಅದು ವ್ಯರ್ಥವಾಗುವುದು ಅವನ ಮೈ ಅದುರುವುದರಲ್ಲಿ. ಗಾಳಿ ಕಡಿಮೆಯಿರುವ ಅಗಲದ ಟೈರು ಕಲ್ಲನ್ನು ತನ್ನೊಳಗೆ ತಗ್ಗಿಸಿಕೊಂಡು ಮುಂದಕ್ಕೆ ಹೋಗುತ್ತದೆ. ನೆಲಕ್ಕೆ ತಾಗುವ ಭಾಗದ ಲೆಕ್ಕವೂ ಇದನ್ನೇ ಹೇಳುತ್ತದೆ: ಹಿಂದಿನ ಚಕ್ರದ ಮೇಲೆ 43 ಕಿಲೋ ಭಾರವಿದ್ದರೆ 80 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಗಾಳಿಯಲ್ಲಿ ನೆಲ ಹಿಡಿಯುವುದು ಏಳೂವರೆ ಚದರ ಸೆಂಟಿಮೀಟರ್ ಚಿಲ್ಲರೆ, 52 ಪಿಎಸ್‌ಐನಲ್ಲಿ ಹನ್ನೊಂದೂವರೆಗಿಂತ ಹೆಚ್ಚು. ಗರಸಿನ ತಿರುವಿನಲ್ಲಿ ಈ ನಾಲ್ಕು ಚದರ ಸೆಂಟಿಮೀಟರೇ ಕಾಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ಚೌಕಟ್ಟಿನಲ್ಲಿ ಜಾಗವಿದ್ದರೆ 32 ಎಂದು ನಾನು ಹಿಂಜರಿಯದೆ ಹೇಳುತ್ತೇನೆ. 80 ಕಿಲೋ ಮೀರಿದ ಸವಾರರು, ಅಥವಾ ಕ್ವಾರಿ ದಾರಿಯಿರುವ ರೇಸಿಗೆ ಹೋಗುವವರು, 35 ಹಿಡಿಸುವುದಾದರೆ ಅದನ್ನೇ ಹಾಕಿಕೊಳ್ಳಲಿ. ದಾರಿ ಬರೀ ಗಟ್ಟಿ ಕೆಮ್ಮಣ್ಣು ಎಂದು ಹಿಂದಿನ ವಾರ ಕಣ್ಣಾರೆ ನೋಡಿ ಬಂದಿರುವ 60 ಕಿಲೋ ಸವಾರನಿಗೆ 28 ಸಾಕು. 25ನ್ನು ಬೇರೆ ಯಾವುದೂ ಹಿಡಿಸದ ಸೈಕಲ್ಲಿಗೆ ಮಾತ್ರ ಉಳಿಸಿಕೊಳ್ಳಬೇಕು. ಆಗಲೂ ರೇಸಿಗೆ ಹೋಗಬಹುದು, ಆದರೆ ಮಣ್ಣಿನ ದಾರಿಯಲ್ಲಿ ಗುಂಪಿನ ಮಧ್ಯೆ ಸಿಕ್ಕಿಕೊಳ್ಳದೆ ನೆಲ ಕಾಣುವಂತೆ ಮುಂದೆ ಇರಬೇಕು, ಇಲ್ಲವೇ ಬೇಕೆಂದೇ ಸ್ವಲ್ಪ ಹಿಂದುಳಿಯಬೇಕು.

ಟ್ಯೂಬೋ, ಟ್ಯೂಬ್‌ಲೆಸ್ಸೋ

ಬೈಕಿನ ಟ್ಯೂಬ್‌ಲೆಸ್ ಟೈರು ಎಲ್ಲರಿಗೂ ಗೊತ್ತು. ಸೈಕಲ್ಲಿನದು ಹೆಚ್ಚುಕಡಿಮೆ ಅದೇ ತತ್ವ, ಒಳಗೆ ಸೀಲೆಂಟ್ ಎಂಬ ಲೇಟೆಕ್ಸ್ ದ್ರವ ಇರುತ್ತದೆ ಎಂಬುದಷ್ಟೇ ಹೆಚ್ಚು. ನೆಗ್ಗಿಲು ಮುಳ್ಳಿನ ತೂತಿಗೆ ಇದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಇನ್ನೊಂದು ಲಾಭವೂ ಇದೆ. ಟ್ಯೂಬಿನ ಟೈರು ಕಲ್ಲಿಗೆ ಬಡಿದು ರಿಮ್ಮಿನವರೆಗೆ ತಗ್ಗಿದಾಗ ಟ್ಯೂಬು ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಟ್ಯೂಬೇ ಇಲ್ಲದಿದ್ದರೆ ಆ ಭಯ ಬಹುಪಾಲು ಹೋಗುತ್ತದೆ, ಗಾಳಿ ಕಡಿಮೆ ಇಟ್ಟುಕೊಳ್ಳುವ ಧೈರ್ಯ ಬರುತ್ತದೆ.

ಆದರೆ ಇದರ ಪಾಡು ಪಡಲು ಮನಸ್ಸಿರಬೇಕು. ರಿಮ್ಮು ಟ್ಯೂಬ್‌ಲೆಸ್‌ಗೆ ಮಾಡಿದ್ದೇ ಆಗಿರಬೇಕು, ಒಳಗಿನ ಟೇಪು ಗಟ್ಟಿಯಾಗಿ ಕೂತಿರಬೇಕು. ಮೊದಲ ಸಲ ಟೈರನ್ನು ರಿಮ್ಮಿಗೆ ಕೂರಿಸಲು ಮನೆಯ ಪಂಪು ಸಾಲದೆ ಹೋಗಬಹುದು. ಅಂಚಿಗೆ ಸೋಪು ನೀರು ಸವರಿ, ಪಂಚರ್ ಅಂಗಡಿಯ ಕಂಪ್ರೆಸರಿನಿಂದ ಒಮ್ಮೆಲೇ ಗಾಳಿ ಬಿಟ್ಟರೆ ಟೈರು ಟಪ್ ಟಪ್ ಎಂದು ಸದ್ದು ಮಾಡಿ ಕೂರುತ್ತದೆ. ಅಂಗಡಿಯ ನಳಿಗೆ ಬೈಕಿನ ವಾಲ್ವಿಗೆ ಹೊಂದುವಂಥದು, ನಮ್ಮ ರೇಸ್ ಸೈಕಲ್ಲಿನ ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಹಿಡಿಯುವುದಿಲ್ಲ. ಬೆರಳುಗುರಿನಷ್ಟಿರುವ ಹಿತ್ತಾಳೆಯ ಅಡಾಪ್ಟರನ್ನು ಜೊತೆಯಲ್ಲೇ ಒಯ್ಯಬೇಕು. 32ರ ಟೈರಿಗೆ 40ರಿಂದ 60 ಮಿಲಿಲೀಟರ್ ಸೀಲೆಂಟ್ ಬೇಕು. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರಿನ ಸಿಪ್ಪೆಯಾಗುತ್ತದೆ, ಆಗ ಟ್ಯೂಬ್‌ಲೆಸ್ ಎಂಬುದು ಹೆಸರಿಗಷ್ಟೇ. ರೇಸಿಗೆ ಒಂದು ವಾರ ಮೊದಲು ಹೊಸದು ಹಾಕಬೇಕು. ಮುಳ್ಳಿಗಿಂತ ದೊಡ್ಡದಾದ, ಜಲ್ಲಿ ಕೊಯ್ದ ಗಾಯಕ್ಕೆ ಸೀಲೆಂಟ್ ಸಾಲದು. ಬೈಕಿನ ಟೈರಿಗೆ ತುರುಕುವಂಥದೇ ಪ್ಲಗ್ಗಿನ ಸಣ್ಣ ರೂಪ ಜೇಬಿನಲ್ಲಿರಲಿ. ಅದರ ಜೊತೆ ಒಂದು ಟ್ಯೂಬೂ ಇರಲೇಬೇಕು. ಆ ಟ್ಯೂಬನ್ನು ಹಾಕುವ ಮೊದಲು ಟೈರಿನಲ್ಲಿ ನಾಟಿರುವ ಮುಳ್ಳುಗಳನ್ನೆಲ್ಲ ಕೀಳುವುದನ್ನು ಮರೆಯಬಾರದು, ಸೀಲೆಂಟ್ ಇದ್ದಾಗ ಸುಮ್ಮನಿದ್ದ ಮುಳ್ಳುಗಳು ಟ್ಯೂಬು ಬಂದೊಡನೆ ಕೆಲಸ ಶುರುಮಾಡುತ್ತವೆ.

ಹುಕ್‌ಲೆಸ್ ರಿಮ್ಮು, ಎಂದರೆ ಟೈರಿನ ಅಂಚನ್ನು ಹಿಡಿದಿಡುವ ಕೊಕ್ಕೆಯಿಲ್ಲದ ರಿಮ್ಮು, ಇರುವವರಿಗೆ ಒಂದು ಎಚ್ಚರಿಕೆ. ಅದಕ್ಕೆ ತಯಾರಕರು ಒಪ್ಪಿರುವ ಟ್ಯೂಬ್‌ಲೆಸ್ ಟೈರನ್ನೇ ಹಾಕಬೇಕು, ಗಾಳಿ 5 ಬಾರ್, ಎಂದರೆ ಸುಮಾರು 72 ಪಿಎಸ್‌ಐ ಮೀರಬಾರದು. ಸಾಮಾನ್ಯ ಟೈರು ಹಾಕಿ ಗಟ್ಟಿಯಾಗಿ ಗಾಳಿ ತುಂಬಿದರೆ ಅದು ರಿಮ್ಮಿನಿಂದ ಕಳಚಿ ಬರಬಹುದು, ಇಳಿಜಾರಿನಲ್ಲಿ ಹಾಗಾದರೆ ಪ್ರಾಣಕ್ಕೇ ಸಂಚಕಾರ.

ಟ್ಯೂಬಿನಲ್ಲೇ ಇರಬೇಕಾದವರು 28ರ ಗಟ್ಟಿ ಕವಚದ ಟೈರಿಗೆ ಸಾಮಾನ್ಯ ಬ್ಯುಟೈಲ್ ರಬ್ಬರಿನ ಟ್ಯೂಬನ್ನೇ ಹಾಕಲಿ, ವಾಲ್ವಿನ ಒಳತಿರುಳು ಬಿಚ್ಚಿಬರುವಂಥದಾದರೆ ಅದರೊಳಗೆ 30 ಮಿಲಿಲೀಟರ್ ಸೀಲೆಂಟ್ ಬಿಡಲಿ. ಟ್ಯೂಬ್‌ಲೆಸ್‌ನಷ್ಟು ಚೆನ್ನಾಗಿ ಕೆಲಸ ಮಾಡದಿದ್ದರೂ ಸಣ್ಣ ಮುಳ್ಳನ್ನು ತಡೆಯುತ್ತದೆ. ಟಿಪಿಯು ಎಂಬ ತೆಳು ಪ್ಲಾಸ್ಟಿಕ್ಕಿನ ಟ್ಯೂಬು ಹಗುರ, ಮಡಿಚಿದರೆ ಬೆಂಕಿಪೊಟ್ಟಣದಷ್ಟು. ಅದನ್ನು ಬದಲಿ ಟ್ಯೂಬಾಗಿ ಜೇಬಿನಲ್ಲಿಡುವುದು ಜಾಣತನ.

ಮೇಲ್ಮೈ ಮತ್ತು ಕವಚ

ಟೈರಿನ ಮೇಲಿನ ಗೆರೆ, ಗುಬಟುಗಳ ಬಗ್ಗೆ ಬಹಳ ಹೊತ್ತು ಯೋಚಿಸುವುದು ಬೇಡ. ಒಣ ಮಣ್ಣಿಗೆ ನುಣುಪು ಟೈರು ಅಥವಾ ಅರದಂಥ ಸಣ್ಣ ಗೆರೆಯ ಟೈರು ಸಾಕು. ಗುಬಟಿರುವ ಟೈರು ಡಾಂಬರಿನ ಎಂಬತ್ತು ಕಿಲೋಮೀಟರಿನಲ್ಲೂ ಶಕ್ತಿ ತಿನ್ನುತ್ತದೆ. ಗರಸಿನ ಮೇಲೆ ಅದು ಕೊಡುವ ಹಿಡಿತವನ್ನು ಅಗಲವೂ ಕಡಿಮೆ ಗಾಳಿಯೂ ಬಹುಮಟ್ಟಿಗೆ ಕೊಡುತ್ತವೆ. ಒದ್ದೆ ಕೆಮ್ಮಣ್ಣಿನಲ್ಲಿ ಸಣ್ಣ ಗುಬಟುಗಳ ನಡುವೆ ಮಣ್ಣು ತುಂಬಿ ಅದೂ ನುಣುಪಾಗಿಬಿಡುತ್ತದೆ.

ಯೋಚಿಸಬೇಕಾದದ್ದು ಪಕ್ಕೆಯ ಬಗ್ಗೆ. ಡಾಂಬರಿನ ರೇಸಿಗಾಗಿ ಮಾಡಿದ ಟೈರುಗಳಲ್ಲಿ ರಕ್ಷಣೆಯ ಪದರ ನಡುಭಾಗದ ಕೆಳಗೆ ಮಾತ್ರ ಇರುತ್ತದೆ, ಪಕ್ಕೆ ಕಾಗದದಷ್ಟು ತೆಳು. ನಮ್ಮ ಜಲ್ಲಿ ಕೊಯ್ಯುವುದು ಅಲ್ಲೇ. ಹಾಗಾಗಿ ಒಂದೇ ಹೆಸರಿನ ಟೈರಿನಲ್ಲೂ ಎಲ್ಲ ಋತುಗಳಿಗೆಂದು ಮಾಡಿದ ಬಗೆಯನ್ನು ಕೇಳಿ ತರಿಸಿಕೊಳ್ಳಬೇಕು. ಕಾಂಟಿನೆಂಟಲ್ ಗ್ರ್ಯಾಂಡ್ ಪ್ರಿ 5000ರ ಎಎಸ್ ಟಿಆರ್ ಬಗೆ ಅಂಥದು, 32 ಮತ್ತು 35ರಲ್ಲಿ ಸಿಗುತ್ತದೆ. ಪ್ಯಾನರೇಸರ್ ಗ್ರಾವೆಲ್‌ಕಿಂಗ್‌ನ ನುಣುಪು ಬಗೆ ಇನ್ನಷ್ಟು ಮಣ್ಣಿನ ಕಡೆ ವಾಲಿದ್ದು. ಟಿಪಿಐ ಎಂಬ ನೂಲಿನ ಎಣಿಕೆ ಹೆಚ್ಚಿದ್ದರೆ ಟೈರು ಮೃದು, ಆದರೆ ಕೆಲವು ತಯಾರಕರು ಮೂರು ಪದರಗಳ ನೂಲನ್ನೂ ಕೂಡಿಸಿ 330 ಎಂದು ಬರೆಯುವುದರಿಂದ ಬೇರೆ ಬೇರೆ ಕಂಪನಿಗಳ ಅಂಕಿಯನ್ನು ನೇರವಾಗಿ ಹೋಲಿಸಬಾರದು.

ಗಾಳಿ

ಒಳ್ಳೆಯ ಟೈರು ಕೊಂಡು ಗಾಳಿಯಲ್ಲಿ ತಪ್ಪಿದರೆ ಹಣ ನೀರಿಗೆ ಹಾಕಿದಂತೆ. ಟೈರಿನ ಪಕ್ಕೆಯ ಮೇಲೆ ಬರೆದಿರುವುದು ಮೀರಬಾರದ ಮಿತಿ, ಅಷ್ಟು ತುಂಬಬೇಕೆಂದಲ್ಲ. ಕವಚದ ಬಿಗಿತ ಗಾಳಿಯ ಒತ್ತಡವನ್ನೂ ಅಗಲವನ್ನೂ ಗುಣಿಸಿದಂತೆ ಏರುವುದರಿಂದ 25ರ ಟೈರಿನಲ್ಲಿ 80 ಪಿಎಸ್‌ಐ ಇದ್ದಷ್ಟೇ ಬಿಗಿ 32ರದರಲ್ಲಿ 62ಕ್ಕೇ ಬರುತ್ತದೆ. 70 ಕಿಲೋ ಸವಾರ ಟ್ಯೂಬ್‌ಲೆಸ್‌ನಲ್ಲಿ ಶುರುಮಾಡಬಹುದಾದ ಅಂಕಿಗಳು ಇವು: 28ಕ್ಕೆ ಮುಂದೆ 62, ಹಿಂದೆ 66, 32ಕ್ಕೆ ಮುಂದೆ 48, ಹಿಂದೆ 52, 35ಕ್ಕೆ ಮುಂದೆ 40, ಹಿಂದೆ 44. ಟ್ಯೂಬು ಇದ್ದರೆ ಐದಾರು ಪಿಎಸ್‌ಐ ಹೆಚ್ಚಿಸಬೇಕು, ಭಾರ ಹತ್ತು ಕಿಲೋ ಹೆಚ್ಚು ಕಡಿಮೆಯಾದರೆ ನಾಲ್ಕೈದು ಪಿಎಸ್‌ಐ ಏರಿಸಬೇಕು ಇಲ್ಲವೇ ಇಳಿಸಬೇಕು.

ಇವು ಆರಂಭದ ಅಂಕಿಗಳು, ಕೊನೆಯವಲ್ಲ. ರೇಸಿನ ದಾರಿಯಂಥದೇ ಎರಡು ಕಿಲೋಮೀಟರನ್ನು ಒಂದು ಭಾನುವಾರ ನಾಲ್ಕು ಸಲ ತುಳಿದು, ಪ್ರತಿ ಸಲ ಮೂರು ಪಿಎಸ್‌ಐ ಇಳಿಸುತ್ತ ಹೋಗಬೇಕು. ರಿಮ್ಮು ಒಮ್ಮೆ ಕಲ್ಲಿಗೆ ಟಕ್ ಎಂದು ತಾಗಿತೋ, ಅಲ್ಲಿಂದ ನಾಲ್ಕು ಪಿಎಸ್‌ಐ ಏರಿಸಿದರೆ ಆ ಸವಾರನ ಅಂಕಿ ಸಿಕ್ಕಿತು. ಎಲ್ಲಕ್ಕೂ ಒಂದೇ ಮೀಟರನ್ನು ಬಳಸಬೇಕು, ಪಂಪಿನಿಂದ ಪಂಪಿಗೆ ಐದು ಪಿಎಸ್‌ಐ ವ್ಯತ್ಯಾಸ ಬರುವುದು ಅಪರೂಪವಲ್ಲ.

ರೇಸಿನ ಬೆಳಗ್ಗೆ ಇನ್ನೊಂದನ್ನು ನೆನಪಿಡಬೇಕು. ಚಳಿಗಾಲದಲ್ಲಿ ನಮ್ಮಲ್ಲಿ ಬೆಳಗಿನ ಆರಕ್ಕೆ 14 ಡಿಗ್ರಿ ಇದ್ದು ಹನ್ನೊಂದರ ಹೊತ್ತಿಗೆ 28 ಆದರೆ, 52 ತುಂಬಿದ ಟೈರು 55 ಆಗಿರುತ್ತದೆ. ಮಣ್ಣಿನ ದಾರಿ ರೇಸಿನ ಕೊನೆಯ ಭಾಗದಲ್ಲಿ ಬರುವುದಾದರೆ ಬೆಳಗ್ಗೆ ಎರಡು ಪಿಎಸ್‌ಐ ಕಡಿಮೆ ತುಂಬಿಯೇ ಹೊರಡಬಹುದು, ಮೊದಲ ಹತ್ತು ಕಿಲೋಮೀಟರಿನಲ್ಲೇ ಬರುವುದಾದರೆ ಲೆಕ್ಕದ ಅಂಕಿಯನ್ನೇ ಇಟ್ಟುಕೊಳ್ಳಬೇಕು. ಬೆಳಗಿನ ಚಳಿಯಲ್ಲಿ ತುಂಬಿದ ಮೇಲೆ ಸೈಕಲ್ಲನ್ನು ಕಾರಿನೊಳಗೆ ಬಿಸಿಲಿಗೆ ಬಿಟ್ಟು ಬರುವುದಂತೂ ಬೇಡ. ಹೊರಡುವ ಗೆರೆಯ ಹತ್ತಿರ, ನೆರಳಿನಲ್ಲಿ ನಿಲ್ಲಿಸಿ, ಮೀಟರ್ ಹಚ್ಚಿ ಇನ್ನೊಮ್ಮೆ ನೋಡಿ, ವಾಲ್ವಿನ ತಿರುಪನ್ನು ಬೆರಳಿನಿಂದ ಬಿಗಿ ಮಾಡಿಕೊಳ್ಳಿ.